ತೂದಾ ಕಾಯ್ದ ಕಣಜ

ಹದಿನೇಳು ತುಂಬುವ ಮೊದಲೇ ಊರಿನ ಹೊಟ್ಟೆಯೆಲ್ಲ ತೂದಾಳ ಕೈಗೆ ಬಂದುಬಿಟ್ಟಿತ್ತು. ಬೂದಿಗಾಳಿಗೆ ಕಣ್ಣು ಕಳೆದುಕೊಂಡ ಅಪ್ಪ ಹ್ಮಾದ್, ಮೊಳದುದ್ದದ ಮರದ ಕೀಲಿಯನ್ನು ಅವಳ ಮಡಿಲಿಗೆ ಹಾಕಿ ಹೇಳಿದ್ದು ಇಷ್ಟೇ: "ಹೆಬ್ಬಾಗಿಲು ನಿಂದು ಮಗಳೇ. ಒಳಗಿನ ಗೂಡು ಅವರವರದು. ಇನ್ನೊಬ್ಬರ ಬೀಗ ಮುಟ್ಟಿದ ದಿನ ಈ ಕೀಲಿ ನಿಂದಲ್ಲ."

ನಗರಗಳು ಉರಿದು, ಕರೆಂಟಿನ ತಂತಿಗಳೆಲ್ಲ ಸತ್ತು ಇಪ್ಪತ್ತು ವರ್ಷ ಕಳೆದಿತ್ತು. ಅಟ್ಲಾಸ್ ಬೆಟ್ಟದ ನೆತ್ತಿಯ ಮೇಲೆ ಹಳಬರು ಕಲ್ಲಿನಲ್ಲಿ ಕಟ್ಟಿದ್ದ ಕಣಜ ಮಾತ್ರ ಉಳಿದಿತ್ತು. ಅರವತ್ತು ಮನೆಗೆ ಅರವತ್ತು ಗೂಡು. ತಿನ್ನುವ ಬಾರ್ಲಿ, ಬಿತ್ತುವ ಬಾರ್ಲಿ ಎರಡೂ ಅಲ್ಲೇ. ತೂದಾ ಬೆಳಗ್ಗೆ ಬಾಗಿಲು ತೆಗೆಯುವಳು, ಬಂದವರ ಜಗಳ ಬಿಡಿಸುವಳು, ಇಲಿ ಹಿಡಿಯುವ ಬೆಕ್ಕುಗಳಿಗೆ ನೀರಿಡುವಳು, ಸಂಜೆ ಬಾಗಿಲು ಹಾಕುವಳು. ಪ್ರತಿ ಗೂಡಿನ ಬಾಗಿಲ ಅಡಿಯಲ್ಲೂ ಬೆಕ್ಕಿಗೊಂದು ಕಂಡಿ. ಅದನ್ನು ಮುಚ್ಚುವ ಹಕ್ಕು ಯಾರಿಗೂ ಇರಲಿಲ್ಲ.

ಆ ಬೆಳಗ್ಗೆ ಬೆಕ್ಕುಗಳ ಪಾದ ನೀಲಿಯಾಗಿತ್ತು.

ತೂದಾ ಬಗ್ಗಿ ನೋಡಿದಳು: ಬೂಷ್ಟು. ನೀಲಿ ಬೂಷ್ಟು ಕೆಳಗಿನ ಕಣಿವೆಯದ್ದು, ಬೆಂಕಿಯ ವರ್ಷಗಳಾದ ಮೇಲೆ ಹುಟ್ಟಿದ್ದು. ಅದು ಹತ್ತಿದ ಕಾಳನ್ನು ಉಂಡು ಮೂರು ಊರು ಮಲಗಿದ್ದವು, ಏಳಲಿಲ್ಲ. ನೀಲಿ ಹೆಜ್ಜೆಗಳು ಗೂಡಿಂದ ಗೂಡಿಗೆ ಹೋಗಿದ್ದವು. ಹಿಂದಕ್ಕೆ ಹುಡುಕುತ್ತ ಹೋದರೆ ಎಲ್ಲವೂ ಹೊರಟಿದ್ದು ಮಕ್ಕಳೊಂದಿಗ ಇದ್ದೆರ್‌ನ ಗೂಡಿನ ಬಾಗಿಲಿಂದ.

ಅವಳು ಊರವರನ್ನು ಕೂಗಿ ಕರೆದಳು. ಇದ್ದೆರ್ ನಗುತ್ತಲೇ ಬಂದ.

"ಏನೇ ತೂದಾ, ಬೆಕ್ಕಿನ ಕಾಲು ತೊಳೆಯೋಕೆ ನಾನೇ ಬೇಕಿತ್ತಾ?"

"ಅಣ್ಣಾ, ಕಣಿವೆಗೆ ಇಳಿದಿದ್ಯಾ?"

ನಗು ಇಂಗಿತು. "ನಿಮ್ಮನೇಲಿ ಮಕ್ಕಳು ಮಣ್ಣು ನೆಕ್ಕಿದ್ದಾವಾ? ನಮ್ಮನೇಲಿ ನೆಕ್ಕಿದ್ದಾವೆ. ಮೊನ್ನೆ ಎರಡು ಮೂಟೆ ತಂದೆ. ಕಾಳು ಚೆನ್ನಾಗೇ ಇತ್ತು."

"ಚೆನ್ನಾಗಿದ್ರೆ ಬೀಗ ತೆಗೆಯೋಕೇನು ದಾಡಿ ನಿಂಗೆ?" ಎಂದಳು ಊರಿನ ಹಿರಿಯಳು ಇಜ್ಜಾ. ಇದ್ದೆರ್ ತನ್ನ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ.

ತೂದಾ ಮೊದಲು ತನ್ನ ಗೂಡನ್ನೇ ತೆಗೆದಳು. ಕಂಡಿಯ ಹತ್ತಿರ ಗೇಣಗಲ ನೀಲಿ, ಬೆಕ್ಕಿನ ಮರಿಯ ತುಪ್ಪಳದಷ್ಟು ಮೆತ್ತಗೆ. ಮೇಲಿನ ಕಾಳಿಗೆ ಇನ್ನೂ ಹತ್ತಿರಲಿಲ್ಲ. ಇವತ್ತೇ ಇದ್ದೆರ್‌ನ ಗೂಡಿನ ಬೇರು ಸುಟ್ಟರೆ ಐವತ್ತೊಂಬತ್ತು ಗೂಡು ಉಳಿದೀತು. ನಾಳೆಗೆ ಬಿಟ್ಟರೆ ಒಂದೂ ಇಲ್ಲ. ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಂತಮ್ಮ ನೀಲಿ ಕಾಳು ಗೋರಿದರು, ಕಂಡಿಗಳಿಗೆ ಮಣ್ಣು ಮೆತ್ತಿದರು. ಇದ್ದೆರ್ ಮಾತ್ರ ಅಲ್ಲಾಡಲಿಲ್ಲ.

"ಸುಟ್ಟುಬಿಟ್ರೆ ನನ್ನ ಮಕ್ಕಳಿಗೇನು ಹಾಕ್ಲಿ? ಬೂದಿನಾ?"

"ನನ್ನ ಪಾಲಲ್ಲಿ ಅರ್ಧ ತಗೋ."

"ನಿನ್ನ ಪಾಲಲ್ಲೂ ನೀಲಿ ಇದ್ಯಲ್ಲೇ, ಕರುಣಾಮಯಿ!"

ತೂದಾ ಸೊಂಟದಿಂದ ಮರದ ಕೀಲಿ ಬಿಚ್ಚಿ ಮುದುಕಿ ಇಜ್ಜಾಳ ಕೈಗಿಟ್ಟಳು. "ಅಜ್ಜೀ, ಇನ್ಮೇಲೆ ಇದು ನಿಮ್ಮದು."

"ಅಯ್ಯೋ ಹುಚ್ಚು ಹುಡುಗೀ, ನಾಲ್ಕು ತಲೆಮಾರಿಂದ ನಿಮ್ಮನೇಲಿದ್ದ ಕೀಲಿ ಕಣೇ ಇದು!"

"ಗೊತ್ತು," ಎಂದಳು ತೂದಾ. ಅವಳ ಕೈಯಲ್ಲಿ ಆಗಲೇ ಕೊಡಲಿ ಇತ್ತು.

ಅವಳ ಮುಖ ನೋಡಿ ಇದ್ದೆರ್ ಪಕ್ಕಕ್ಕೆ ಸರಿದ. ಮೂರನೇ ಏಟಿಗೆ ಬೀಗ ಉದುರಿತು. ಒಳಗೆ ನೆಲ, ಗೋಡೆ, ಸೂರು ಎಲ್ಲ ನೀಲಿ. ಉಸಿರಾಡುತ್ತಿದೆಯೇನೋ ಎಂಬಂತೆ ಸಣ್ಣಗೆ ಏರಿಳಿಯುತ್ತಿತ್ತು. ನಡುವೆ ಕಣಿವೆಯ ಮೂಟೆ, ಒಂದೇ ಒಂದು.

"ಎರಡು ತಂದೆ ಅಂದ್ಯಲ್ಲ," ತೂದಾ ಮೆಲ್ಲಗೆ ಕೇಳಿದಳು. "ಇನ್ನೊಂದೆಲ್ಲಿ, ಅಣ್ಣಾ?"

ಇದ್ದೆರ್ ಕೆಳಗಿನ ಊರಿನ ಕಡೆ ತಿರುಗಿದ. "ತಂದ ದಿನವೇ ಮನೆಗೆ ಒಯ್ದೆ. ಇವತ್ತು ಹೊತ್ತು ಹುಟ್ಟೋಕೆ ಮುಂಚೆ ಹೆಂಡ್ತಿ ಬೀಸೋಕೆ ತಗೊಂಡ್ಹೋದ್ಲು. ಕತ್ತಲಿತ್ತು. ಬಣ್ಣ ಯಾರು ನೋಡ್ತಾರೆ..."

ಅರವತ್ತು ಮನೆಗೂ ಇದ್ದದ್ದು ಒಂದೇ ಬೀಸುವ ಕಲ್ಲು. ಅವಳ ಬಳಿಕ ಬೀಸಿದವರ ಹಿಟ್ಟಿಗೆಲ್ಲ ನೀಲಿ ಹತ್ತಿರಬೇಕು. ಕೊಡಲಿ ಅಲ್ಲೇ ಬಿಸಾಕಿ ತೂದಾ ಇಳಿಜಾರಿನಲ್ಲಿ ಓಡತೊಡಗಿದಳು. ಕೆಳಗೆ ಊರಿನ ಒಲೆಗಳಿಂದ ಹೊಗೆ ಏಳುತ್ತಿತ್ತು. ರೊಟ್ಟಿಯ ಘಮ ಆಗಲೇ ಅರ್ಧ ಬೆಟ್ಟ ಹತ್ತಿ ಬಂದಿತ್ತು.