ಉಣ್ಣಿಪುಡಿ ತಿಕ್ಕಿದ ಕೈ

ಯಂಕಂಚಿಯಲ್ಲಿ ಹುಚ್ಚವ್ವನ ಬಾಯಿಗೆ ಹೆದರದವರಿರಲಿಲ್ಲ. ಕುರಿಗಳ ಮುಂದೆ ಮಾತ್ರ ಆ ಬಾಯಿ ಮೆತ್ತಗಾಗುತ್ತಿತ್ತು. ಕುಂಟುವ ಮರಿ, ಹೊಟ್ಟೆ ಉಬ್ಬಿದ ಟಗರು, ಏನಿದ್ದರೂ ಊರವರು ಮೊದಲು ಅವಳ ಹಟ್ಟಿಗೆ ತರುತ್ತಿದ್ದರು. ಅದರ ಸೊಕ್ಕೂ ಅವಳಿಗೆ ಬೇಕಾದಷ್ಟಿತ್ತು. ಅವಳಿಗೆ ಕಂಡರಾಗದವಳೆಂದರೆ ಮೈದುನನ ಹೆಂಡತಿ ಸುಂದರವ್ವ. ಮನೆ ಪಾಲಾದಾಗ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತ್ತು. ಇಬ್ಬರೂ ಅದಕ್ಕೆ ಮೊಣಕೈ ಊರಿಯೇ ಜಗಳಾಡುತ್ತಿದ್ದರು.

ಹುಚ್ಚವ್ವನ ಹಿಂಡಿಗೆ ಕಾಳ್ಯಾ ಎಂಬ ನಾಯಿಯ ಕಾವಲು. ಅದು ಒಮ್ಮೆ ಬೊಗಳಿದರೆ ತೋಳ ದಾರಿ ಬದಲಿಸುತ್ತಿತ್ತು. ಕಾಳ್ಯಾ ಇಲ್ಲದಿದ್ದರೆ ಆ ಕುರಿಗಳಿಗೆ ದಿಕ್ಕಿರಲಿಲ್ಲ.

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಕಾಳ್ಯಾನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ತೊಗರಿಕಾಳಿನ ಗಾತ್ರದ ಉಣ್ಣಿಗಳು ಕಚ್ಚಿಕೊಂಡವು. ನಾಯಿ ಊಟ ಬಿಟ್ಟು ಸೊರಗಿತು. ಒಂದು ಬೆಳಿಗ್ಗೆ ಹುಚ್ಚವ್ವ ಕುರಿಗಳಿಗೆ ಹಚ್ಚುವ ಉಣ್ಣಿಪುಡಿಯನ್ನೇ ಹಿಡಿಗಟ್ಟಲೆ ತೆಗೆದು ಅದರ ಮೈತುಂಬ ತಿಕ್ಕಿ, ಬೇವಿನ ಗಿಡಕ್ಕೆ ಕಟ್ಟಿದಳು. ಕುರಿಗೆ ಹೀಗೆ ಮಾಡಿ ಯಾವತ್ತೂ ಕೆಟ್ಟದ್ದಾಗಿರಲಿಲ್ಲ.

ಮಧ್ಯಾಹ್ನ ನೋಡಿದರೆ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಕಾಲು ನಡುಗಿ ದೊಪ್ಪನೆ ಬಿತ್ತು. ಇದು ಯಾರ ಕೆಲಸ ಎಂದು ಹುಚ್ಚವ್ವ ಯೋಚಿಸಲೂ ಇಲ್ಲ. ಹಿಂದಿನ ವಾರ ಮಜ್ಜಿಗೆ ಗಡಿಗೆಗೆ ಕಾಳ್ಯಾ ಬಾಯಿ ಹಾಕಿದಾಗ ಸುಂದರವ್ವ, “ಇದನ್ನ ಉಳಸೂದಿಲ್ಲ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು.

“ಏ ಸುಂದರಿ, ಹೊರಗ ಬಾ!” ಹುಚ್ಚವ್ವ ಗೋಡೆಗೆ ಹೋಗಿ ನಿಂತಳು. “ನನ್ನ ನಾಯಿಗೆ ವಿಷಾ ಹಾಕೀದೇನ? ನಿನ್ನ ಕೈ ಸೇದಿ ಹೋಗ್ಲಿ!”

“ನಿನ್ನ ನಾಯಿ ಮುಟ್ಟಾಕ ನನಗೇನ ಬಂದೈತಿ?”

“ಮಜ್ಜಿಗಿ ಸಲುವಾಗಿ ಜೀವಾ ತಗದೀ!”

ಓಣಿಯ ಮಂದಿ ನೆರೆದರು. ಹುಚ್ಚವ್ವ ಸುಂದರವ್ವನ ತವರಿನವರನ್ನೂ ಬಿಡದೆ ಜಾಲಾಡಿದಳು. ಸುಂದರವ್ವ ಗೋಡೆಯಾಚೆ ಕಣ್ಣು ಹಾಯಿಸಿ ಚೀರಿದಳು: “ನನ್ನ ಬೈಯೂದ ಬಿಟ್ಟು ಹಿಂದ ಹೊಳ್ಳಿ ನೋಡ! ಮೈಮ್ಯಾಲಿನ ಪುಡಿ ನೆಕ್ಕಾಕತ್ತೈತಿ ನಿನ್ನ ನಾಯಿ!”

“ನನಗಽ ಕಲಿಸಾಕ ಬರ್ತಿ?”

ಹುಚ್ಚವ್ವ ಹೊರಳಿ ನೋಡಲಿಲ್ಲ. ಸುಂದರವ್ವನ ಬಾಯಿಂದ ಬಂದದ್ದೆಲ್ಲ ಅವಳಿಗೆ ಬೈಗುಳವೇ. ಅವಳ ಬೆನ್ನ ಹಿಂದೆ ಕಾಳ್ಯಾ ಬಿದ್ದಲ್ಲೇ ಹೊಟ್ಟೆ ನೆಕ್ಕಿಕೊಳ್ಳುತ್ತಿತ್ತು.

ಬೈದು ಬೈದು ಗಂಟಲು ಕಟ್ಟಿದ ಮೇಲೆ ಗಾಡಿ ಹೂಡಿಸಿ, ಕಾಳ್ಯಾನನ್ನು ಹಾಕಿಕೊಂಡು ಸಿಂದಗಿಯ ದನದ ದವಾಖಾನೆಗೆ ಹೋದಳು. ಅಲ್ಲಿನ ಕಂಪೌಂಡರ್ ಬಂದಗಿಸಾಬ ನಾಯಿಯ ಕೂದಲು ಬಿಡಿಸಿ ಮೂಸಿ ನೋಡಿದ.

“ಏನ ಹಚ್ಚೀಯವಾ ಇದಕ್ಕ?”

“ಕುರಿ ಪುಡಿರಿ.”

“ಕುರಿ ಮೈ ನೆಕ್ಕತೈತೇನ? ನಾಯಿ ನೆಕ್ಕತೈತಿ. ಕಾಲ ನಡಗೂದ ಕಂಡ ಕೂಡ್ಲೆ ಸಬಕಾರ ಹಚ್ಚಿ ಮೈ ತೊಳದು ಕರಕೊಂಡ ಬರಬೇಕಿತ್ತು. ಇಷ್ಟೊತ್ತು ಏನ ಮಾಡಾಕತ್ತಿದ್ದಿ?”

ಡಾಕ್ಟರು ಸೂಜಿ ಚುಚ್ಚಿದರು. ನಾಯಿ ಉಳಿಯಲಿಲ್ಲ.

ಹೆಣ ಹೊತ್ತ ಗಾಡಿ ಓಣಿಗೆ ಬಂದಾಗ ಮಂದಿ ಕಾಯುತ್ತಲೇ ಇದ್ದರು. ಸುಂದರವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ನೆರೆಮನೆಯ ಲಕ್ಕವ್ವ, “ವಿಷಾ ಹಾಕಿದ್ದು ಖರೆ ಏನ?” ಎಂದು ಕೇಳಿದಳು. ಹೂಂ ಅಂದರೆ ಸಾಕಿತ್ತು, ಊರು ನಂಬಲು ತಯಾರಾಗಿಯೇ ನಿಂತಿತ್ತು. ಹೂಂ ಅನ್ನಲು ಹುಚ್ಚವ್ವನಿಗೆ ಆಸೆಯೂ ಆಯಿತು.

“ಯಾರೂ ಹಾಕಿಲ್ಲ, ನಾನಽ ಕೊಂದೇನಿ!” ಸುಂದರವ್ವನತ್ತ ತಿರುಗಿ ಉಗುಳಿದಳು. “ಕೇಳಿದಿ? ಹೊಟ್ಟಿ ತಣ್ಣಗಾತೇನ? ಇನ್ನ ಒಳಗ ಹೋಗಿ ಸಾಯಿ!”

ಸುಂದರವ್ವ ಒಳಗೆ ಹೋದಳು. ಹುಚ್ಚವ್ವ ಹೆಣವನ್ನು ತನ್ನ ಅಂಗಳಕ್ಕೆ ಇಳಿಸುವಷ್ಟರಲ್ಲಿ ಹೊರಬಂದು ಗೋಡೆಯಾಚೆಯಿಂದ ಒಂದು ಸಬಕಾರದ ತುಂಡು ಬೀಸಿ ಒಗೆದಳು. ಅದು ಹುಚ್ಚವ್ವನ ಕಾಲಿಗೆ ಬಡಿಯಿತು.

“ಕೈ ತೊಳಕೊ ಮೊದ್ಲ. ಅದಽ ಕೈಲೆ ಹುಡುಗೂರಿಗೆ ರೊಟ್ಟಿ ಬಡಿಯಾಕಿ ಇದ್ದಿ.”

ಹುಚ್ಚವ್ವ ಕೈ ನೋಡಿಕೊಂಡಳು. ಉಗುರ ಸಂದಿಯಲ್ಲಿ ಪುಡಿ ಇನ್ನೂ ಬೆಳ್ಳಗೆ ಕೂತಿತ್ತು.