ನಾನು ನೋಡದ ಬಿಬಟ್ಯಾ

ಅಮೀನಾ, ಹಳ್ಳದ ದಂಡೆಯಲ್ಲಿ ನಾನು ಬಿಬಟ್ಯಾ ನೋಡಿರಲಿಲ್ಲ. ಆ ಚಿರತೆಯ ಬಾಲವನ್ನೂ ಕಂಡಿಲ್ಲ, ಹೆಜ್ಜೆಯನ್ನೂ ಕಂಡಿಲ್ಲ. ಐದು ವರ್ಷದಿಂದ ಹೇಳಿಕೊಂಡು ಬಂದದ್ದು ಶುದ್ಧ ಸುಳ್ಳು — ಅದೂ ನಿನಗೆ ಸಲ್ಲಬೇಕಾದದ್ದನ್ನು ನನ್ನ ಕಡೆ ಎಳೆದುಕೊಳ್ಳಲು ಹೇಳಿದ ಸುಳ್ಳು.

ಮರಾಠಿ ಗಡಿಯ ಈ ಬೆಳುಂಕಿಯಲ್ಲಿ ನಿನ್ನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಜೋಳ ಕೊಯ್ದ ಮೇಲೆ ಕುರುಬರ ಬೀರಣ್ಣ ಬರುತ್ತಾನೆ. ಬರಿದಾದ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬಿ ಮಲಗಿಸಿದರೆ ಸಾಕು, ಆ ಹಿಕ್ಕೆಯ ಗೊಬ್ಬರಕ್ಕೆ ಮುಂದಿನ ಬೆಳೆ ಎದ್ದು ನಿಲ್ಲುತ್ತದೆ. ಆ ವರ್ಷ ಅವನು ಮಾತು ಕೊಟ್ಟದ್ದು ನಿನಗೆ. ನಾನು ಕೇಳಿದ್ದಕ್ಕೆ, ‘ನಿಮ್ಮ ಹೊಲಕ್ಕ ಮುಂದಿನ ವರ್ಷ ನೋಡೂಣ್ರಿ ಶಾಂತಕ್ಕಾ’ ಅಂದ. ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ನಿನ್ನ ಮೇಲಲ್ಲ ಎಂದುಕೊಂಡಿದ್ದೆ — ಇಲ್ಲ, ಈಗ್ಯಾಕೆ ಮುಚ್ಚಿಡಲಿ, ನಿನ್ನ ಮೇಲೆಯೇ. ಮರುದಿನ ಮುಂಜಾನೆ ಅವನನ್ನು ದಾರಿಯಲ್ಲಿ ತಡೆದೆ.

‘ಬೀರಣ್ಣಾ, ಹಳ್ಳದ ಕಡೆ ಕುರಿ ಹಾಕಬ್ಯಾಡ. ನಾ ಕಣ್ಣಾರೆ ಬಿಬಟ್ಯಾ ನೋಡೀನಿ.’

ನಿನ್ನ ಹೊಲ ಹಳ್ಳಕ್ಕೆ ಹತ್ತಿದೆ, ನನ್ನದು ರಸ್ತೆಗೆ. ಅಂದು ಸಂಜೆಯೇ ಕುರಿಗಳು ನನ್ನ ಹೊಲಕ್ಕೆ ಬಂದವು.

ಆಮೇಲೆ ಊರು ಕೇಳಬೇಕೇ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಾಲಿನ ಗಾಡಿಯವನು ಬಾಲ ಕಂಡ, ಮಾಸ್ತರರು ಎರಡು ಕಣ್ಣು ಕಂಡರು, ಪಕ್ಕದೂರು ಅಸಂಗಿಯವರಿಗಂತೂ ಮರಿಗಳೇ ಕಂಡವು. ಮೊಬೈಲುಗಳಲ್ಲಿ ಒಂದು ವಿಡಿಯೋ ಓಡಾಡಿತು — ಬೆಕ್ಕೋ ನಾಯಿಯೋ, ದೇವರೇ ಬಲ್ಲ. ಅರಣ್ಯ ಖಾತೆಯವರು ಬಂದು ಹಳ್ಳದ ದಂಡೆ ನೋಡಿ, ಇವು ನಾಯಿಯ ಹೆಜ್ಜೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಆಗ ಎಲ್ಲರ ನಡುವಿನಿಂದ ಒಬ್ಬಳು ಮುಂದೆ ಬಂದು, ‘ಶಾಂತಕ್ಕ ನೋಡ್ಯಾಳ್ರಿ. ಆಕಿ ಸುಳ್ಳ ಹೇಳಾಕಿ ಅಲ್ಲ’ ಎಂದಳು. ಆ ಒಬ್ಬಳು ನೀನು.

ಮರುದಿನ ಬೇವಿನ ಕೋಲು ಹಿಡಿದು ನನ್ನ ಬಾಗಿಲಿಗೆ ಬಂದೆ. ‘ಅಕ್ಕಾ, ಒಬ್ಬಾಕಿನ ಹೊಲಕ್ಕ ಹೋಗಬ್ಯಾಡ. ನಾ ಬರ್ತೀನಿ. ತಿಂದ್ರ ಇಬ್ಬರ್ನೂ ತಿನ್ಲಿ.’

ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ... ಆದರೆ ನೀನು ದಿನಾ ಬರತೊಡಗಿದೆ. ನಿನ್ನ ಆಡುಗಳನ್ನು ಅತ್ತೆಗೆ ಒಪ್ಪಿಸಿ, ನನ್ನ ಮುಂದೆ ಕೋಲು ಬಡಿಯುತ್ತ ನಡೆದೆ. ಪೊದೆಯ ಕಡೆ ತಿರುಗಿ ನೀನು ಕೂಗುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ: ‘ಬಾರಲೇ ಭಾಡ್ಯಾ, ಶಾಂತಕ್ಕನ ಮೈಯಾಗ ಬರೇ ಎಲುಬದಾವ, ಹಲ್ಲ ಮುರಕೋತಿ.’ ನಕ್ಕು ನಕ್ಕು ನಾನು ಬದುವಿನ ಮೇಲೆ ಕುಳಿತುಬಿಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆ ಹಾಗೆ ನಡೆದವರು, ಹಾಗೆ ನಗಿಸಿದವರು ಯಾರೂ ಇರಲಿಲ್ಲ, ಅಮೀನಾ. ನಿಜ ಹೇಳಿದರೆ ನೀನು ಬರುವುದು ನಿಲ್ಲುತ್ತದಲ್ಲ... ಮೊದಲು ಕುರಿಗಾಗಿ ಸುಳ್ಳು ಹೇಳಿದೆ. ಆಮೇಲೆ ನಿನಗಾಗಿ ಅದನ್ನು ಸಾಕಿದೆ.

ಬೀರಣ್ಣ ಮತ್ತೆ ಹಳ್ಳದ ಕಡೆ ಕುರಿ ಹಾಕಲೇ ಇಲ್ಲ. ನನ್ನ ಜೋಳ ಎದೆ ಮೀರಿ ಬೆಳೆಯಿತು, ನಿನ್ನದು ವರ್ಷ ವರ್ಷ ಕುಗ್ಗುತ್ತ ಮೊಳಕಾಲಿಗೆ ಬಂತು. ಅಂಥದರಲ್ಲೂ ನೀನು, ‘ಅಕ್ಕಾ, ನಿನ್ನ ಪೀಕು ಭಾಳ ಚಲೋ ಬಂದದ’ ಎಂದು ಖುಷಿಪಟ್ಟೆ. ಒಂದು ಚೀಲ ಜೋಳ ನಿನ್ನ ಮನೆಗೆ ಕಳಿಸಿದ್ದೆ, ನೆನಪಿದೆಯಾ? ನೀನು ಅದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೂ ಹೌದು — ಆದರೆ ಅದು ನಿನ್ನದೇ ಜೋಳ.

ನಿನ್ನೆ ಬೀರಣ್ಣ ಊರಿಗೆ ಬಂದಿದ್ದಾನೆ. ಅದಕ್ಕೇ ಇದನ್ನು ಬರೆಯಲು ಕುಳಿತೆ. ನೀನು ಓದಿದ್ದು ತವರಿನಲ್ಲಿ, ಶೇಗಾಂವದ ಮರಾಠಿ ಸಾಲಿಯಲ್ಲಿ; ಕನ್ನಡ ಮಾತಾಡುತ್ತೀ, ಅಕ್ಷರ ಬಾರದು. ಅದು ಗೊತ್ತಿದ್ದೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ ಎಂದು ಈಗ ಹೊಳೆಯಿತು. ಇದೂ ಬಚ್ಚಿಡುವುದೇ.

ಆದ್ದರಿಂದ ನಾಳೆ ಮುಂಜಾನೆ ಬೀರಣ್ಣನನ್ನು ಕರೆದುಕೊಂಡು ನಿನ್ನ ಅಂಗಳಕ್ಕೆ ಬರುತ್ತೇನೆ. ಅವನ ಎದುರಿಗೇ ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ. ಅವನು ಕುರಿಗಳನ್ನು ನಿನ್ನ ಹೊಲಕ್ಕೆ ಹೊಡೆದುಕೊಂಡು ಹೋಗಲಿ. ಅಲ್ಲಿಂದ ನನ್ನ ಹೊಲಕ್ಕೆ ನಾನು ಒಬ್ಬಳೇ ಹೋಗಬೇಕಾಗಿ ಬಂದರೆ, ಹೋಗುತ್ತೇನೆ.