ಕೇಳದೆ ಬರೆದುಕೊಂಡ ಮಾತುಗಳು

ನಾಲ್ಕು ತಿಂಗಳು ನಾನು ಗಿಣಿಗೇರಾದ ಹೆಂಗಸರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಬಾಯಿ ಬಿಡದೆ ಕೂತಿದ್ದೆ. ಅವರು ಆಡಿದ್ದನ್ನೆಲ್ಲ ಬರೆದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದನ್ನು ಓದಿ ಯಾರೂ ನನಗೆ ಶಾಲು ಹೊದಿಸುವುದು ಬೇಡ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೊಪ್ಪಳದ ಮನೆಯಲ್ಲಿ ಕೂತಿದ್ದೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಬಂದವರೆಲ್ಲ ‘ಮಗಳು ಏನ್ ಮಾಡ್ತಾಳ್ರಿ?’ ಎಂದು ಕೇಳುವವರೇ. ಅಷ್ಟರಲ್ಲಿ ದೂರದ ದೊಡ್ಡ ಊರಿನ ಒಂದು ಸಂಶೋಧನಾ ತಂಡಕ್ಕೆ ನಮ್ಮ ಕಡೆಯ ಮಾತು ಬಲ್ಲ ಹುಡುಗಿಯೊಬ್ಬಳು ಬೇಕೆಂದು ನಮ್ಮ ಮೇಷ್ಟ್ರು ತಿಳಿಸಿದರು. ಹಳ್ಳಿಯ ಹೆಂಗಸರು ತಮ್ಮ ಆರೋಗ್ಯದ ಬಗ್ಗೆ ಫೋನಿನಲ್ಲಿ ಒಬ್ಬರಿಗೊಬ್ಬರು ಏನೇನು ಹೇಳಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನ. ತಂಡಕ್ಕೆ ಮುಖ್ಯಸ್ಥೆಯಾಗಿದ್ದ ಮೇಡಂ ಮೆಲುದನಿಯವರು. ಮೊದಲ ವಾರವೇ ನನಗೆ ಮೂರು ಪುಸ್ತಕ ಕಳಿಸಿದರು, ನನ್ನ ಬರವಣಿಗೆ ಚೆನ್ನಾಗಿದೆ ಎಂದರು. ಅಲ್ಲಿಯವರೆಗೆ ಯಾರೂ ಹಾಗೆಂದಿರಲಿಲ್ಲ.

ಗಿಣಿಗೇರಾದಲ್ಲಿ ನನ್ನ ದೊಡ್ಡವ್ವ ಇದ್ದಾಳೆ. ಅವಳ ಓಣಿಯಲ್ಲಿ ಜಂಪರು ಹೊಲಿಯುವ ಒಬ್ಬ ಅಕ್ಕ ಒಂದು ಗ್ರೂಪು ಮಾಡಿದ್ದಳು. ನೀರು ಯಾವಾಗ ಬಿಡುತ್ತಾರೆ, ಅಂಗನವಾಡಿಯಲ್ಲಿ ಚುಚ್ಚುಮದ್ದು ಯಾವತ್ತು ಎನ್ನುವುದಕ್ಕೆ ಶುರುವಾದದ್ದು, ಆಮೇಲೆ ಹೆಂಗಸರು ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳತೊಡಗಿದ್ದರು. ಓದು ಬಾರದವರೂ ವಾಯ್ಸ್ ಕಳಿಸುತ್ತಿದ್ದರು. ಅರವತ್ತು ಎಪ್ಪತ್ತು ಜನ ಇದ್ದರು, ಒಬ್ಬ ಗಂಡಸೂ ಇರಲಿಲ್ಲ.

‘ನಮ್ಮ ತಂಗಿ ಮಗಳು, ಭಾಳ ಓದ್ಯಾಳ, ಸೇರಿಸ್ಕೊಳವ್ವ,’ ಎಂದು ದೊಡ್ಡವ್ವ ಹೇಳಿದಳು. ಟೇಲರ್ ಅಕ್ಕ ಒಂದು ಮಾತೂ ಕೇಳದೆ ಸೇರಿಸಿಕೊಂಡಳು. ದೊಡ್ಡವ್ವನಿಗೂ ನಾನು ನಿಜ ಹೇಳಿರಲಿಲ್ಲ.

‘ಹೇಳಬೇಕಲ್ಲವಾ ಮೇಡಂ?’ ಎಂದು ನಾನು ಒಮ್ಮೆ ಕೇಳಿದ್ದು ನಿಜ.

‘ಹೇಳಿದರೆ ಅವರ ಮಾತೇ ಬದಲಾಗುತ್ತದೆ. ಸುಮ್ಮನೆ ಗಮನಿಸು. ಹೆಸರು, ನಂಬರು ಎಲ್ಲ ತೆಗೆದುಬಿಡುತ್ತೇವೆ,’ ಎಂದರು.

ನಾನು ಒಪ್ಪಿದೆ. ಒಪ್ಪಿದ್ದು ಕೆಲಸ ಹೋದೀತೆಂಬ ಭಯಕ್ಕಲ್ಲ. ಅವರಂಥವರು ನನ್ನನ್ನು ತಮ್ಮವಳೆಂದುಕೊಂಡದ್ದಕ್ಕೆ.

ದಿನಾ ಮಧ್ಯಾಹ್ನ ಇಯರ್‌ಫೋನ್ ಹಾಕಿಕೊಂಡು ಕೂತು ವಾಯ್ಸ್‌ಗಳನ್ನು ಕಾಗದದ ಕನ್ನಡಕ್ಕೆ ತಿರುಗಿಸುತ್ತಿದ್ದೆ. ‘ನಡಾ ಹಿಡಕೊಂಡೈತಿ’ ಎಂಬುದು ‘ಸೊಂಟನೋವು’ ಆಗುತ್ತಿತ್ತು. ‘ಮೈಯಾಗ ಜೀವಾನ ಇಲ್ಲ’ ಎಂಬುದು ‘ನಿಶ್ಶಕ್ತಿ’ ಆಗುತ್ತಿತ್ತು. ಒಬ್ಬೊಬ್ಬರ ಮುಂದೆಯೂ ವಯಸ್ಸು, ತವರು, ಕೆಲಸ, ಮಕ್ಕಳು ಎಂದು ಬರೆಯಬೇಕಿತ್ತು. ಅದೆಲ್ಲ ದೊಡ್ಡವ್ವನ ಹತ್ತಿರ ಮಾತಾಡುತ್ತ ತಿಳಿದುಕೊಳ್ಳುತ್ತಿದ್ದೆ. ಅವಳು ಜೋಳದ ಹಿಟ್ಟು ನಾದುತ್ತ, ನನಗೆ ಊರಿನವರ ಮೇಲೆ ಎಷ್ಟು ಅಕ್ಕರೆ ಎಂದು ಖುಷಿಪಡುತ್ತ ಎಲ್ಲ ಹೇಳುತ್ತಿದ್ದಳು.

ಆ ಗ್ರೂಪಿನಲ್ಲಿ ಬೇವೂರಿನಿಂದ ಸೊಸೆಯಾಗಿ ಬಂದವಳೊಬ್ಬಳಿದ್ದಳು. ಬೇವೂರು ಎಂದಿಟ್ಟುಕೊಳ್ಳಿ. ಅವಳ ಗುರುತುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ, ಯಾವುದನ್ನು ಎಂದು ಹೇಳುವುದಿಲ್ಲ. ಈ ಬರಹವನ್ನು ಮೊದಲು ಅವಳಿಗೆ ಓದಿ ಹೇಳಿದೆ. ಎರಡು ಕಡೆ ‘ಇದು ಬ್ಯಾಡ’ ಎಂದಳು, ಆ ಎರಡು ಕಡೆ ಏನಿತ್ತೋ ಅದು ಇಲ್ಲಿ ಇಲ್ಲ. ಉಳಿದದ್ದಕ್ಕೆ ‘ಇರಲಿ’ ಎಂದಳು.

ಒಂದು ದಿನ ಅವಳ ವಾಯ್ಸ್ ಬಂತು. ಹಿಂದೆ ನಳದ ನೀರು ಬಿಟ್ಟಿದ್ದಳು, ಯಾರಿಗೂ ಕೇಳಿಸಬಾರದೆಂದು.

‘ಅಕ್ಕಾರ, ಮತ್ತ ಹೊಟ್ಟಿ ನಿಂತಿತ್ತು. ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಮೊನ್ನಿ ಹೋತು. ಕೆಲಸಕ್ಕೂ ಹೋಗಿ ಬಂದೆ. ಗಂಡಗ ಗೊತ್ತಾದ್ರ ಕೆಲಸ ಬಿಡಸ್ತಾನ. ಇನ್ನೂ ಎಷ್ಟ ದಿನ ರಕ್ತ ಹೋಗ್ತೈತಿ, ಹೇಳ್ರಿ. ಯಾರ ಮುಂದೂ ಅನಬ್ಯಾಡ್ರಿ.’

ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಉತ್ತರ ಕೊಟ್ಟರು. ದವಾಖಾನೆಗೆ ಹೋಗು, ನಾ ಜೋಡಿ ಬರ್ತೀನಿ ಎಂದಳು ಒಬ್ಬಳು. ಮರುದಿನ ಟೇಲರ್ ಅಕ್ಕ ಮಷಿನ್ನು ಮುಚ್ಚಿ ಅವಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋದಳು. ನಾನು ಅದೇ ಕೊಪ್ಪಳದಲ್ಲಿದ್ದೆ. ಹೋಗಲಿಲ್ಲ. ‘ಯಾರ ಮುಂದೂ ಅನಬ್ಯಾಡ್ರಿ’ ಎಂಬ ಅವಳ ಕೊನೆಯ ಮಾತನ್ನೂ ಟೈಪು ಮಾಡಿ ಕಳಿಸಿದೆ.

ವರದಿಯ ಕರಡು ತೋರಿಸಲು ಮೇಡಂ ಒಂದು ವಿಡಿಯೋ ಮೀಟಿಂಗ್ ಕರೆದರು. ಪರದೆಯ ಮೇಲೆ ಒಂದು ಪುಟ ಬಂತು. ಇಪ್ಪತ್ತೊಂಬತ್ತು ವರ್ಷ, ಯಲಬುರ್ಗಾ ತಾಲೂಕಿನಿಂದ ಮದುವೆಯಾಗಿ ಬಂದವಳು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಮಾಡುತ್ತಾಳೆ, ಅವಳಿ ಹೆಣ್ಣುಮಕ್ಕಳ ತಾಯಿ. ಅದರ ಕೆಳಗೆ, ಬೇರೆ ಬಣ್ಣದಲ್ಲಿ, ಗರ್ಭ ಇಳಿದುಹೋದ ಬಗ್ಗೆ ಅವಳ ಮಾತು. ‘ಎಷ್ಟು ಸಶಕ್ತವಾದ ದನಿ!’ ಎಂದು ತಂಡದ ಒಬ್ಬರು ಮೆಚ್ಚಿಕೊಂಡರು. ಮುಂದಿನ ಸೋಮವಾರ ಕೊಪ್ಪಳದಲ್ಲಿ ಇದನ್ನು ತೋರಿಸುವ ಸಭೆ ಇತ್ತು. ಅಧಿಕಾರಿಗಳು ಬರುತ್ತಾರೆ, ಸುತ್ತಲಿನ ಊರಿನ ಪಂಚಾಯ್ತಿಯವರೂ ಬರುತ್ತಾರೆ ಎಂದರು.

ಗಿಣಿಗೇರಾದ ಬಸ್ ನಿಲ್ದಾಣದಲ್ಲಿ ನಿಂತು ಆ ನಾಲ್ಕು ಸಾಲು ಓದಿದರೆ ಸಾಕು, ಯಾರು ಬೇಕಾದರೂ ಅವಳ ಮನೆಯ ಬಾಗಿಲು ತೋರಿಸುತ್ತಾರೆ.

‘ಮೇಡಂ, ಇದು ಯಾರು ಅಂತ ಊರಲ್ಲಿ ಎಲ್ಲರಿಗೂ ತಿಳಿಯುತ್ತದೆ.’

‘ಹೆಸರಿಲ್ಲವಲ್ಲ.’

‘ಹೆಸರು ಬೇಕಿಲ್ಲ ಮೇಡಂ.’

‘ನೋಡು, ಅಷ್ಟು ಜನರಿರುವ ಗ್ರೂಪಿನಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಅವರೇ ಹಂಚಿಕೊಂಡದ್ದು. ನೀನು ಭಾವುಕಳಾಗುತ್ತಿದ್ದೀಯ.’

ಭಾವುಕಳು ಎಂಬ ಮಾತಿಗೆ ನನಗೆ ಸಿಟ್ಟು ಬಂತು. ಅವಳ ಅಳಲಿನಲ್ಲಿ ದನಿ ಕಂಡವರಿಗೆ ನನ್ನ ಮಾತಿನಲ್ಲಿ ಮಾತ್ರ ಭಾವುಕತೆ ಕಂಡಿತ್ತು. ಅರವತ್ತು ಹೆಂಗಸರು ಅವಳನ್ನು ದವಾಖಾನೆಗೆ ಕಳಿಸಿ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟು ದಿನದಲ್ಲಿ ಆ ಮಾತು ಅವಳ ಗಂಡನ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಹೊರಗೆ ತಂದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಗಿಣಿಗೇರಾದ ಬಸ್ಸು ಹತ್ತಿದೆ. ಟೇಲರ್ ಅಕ್ಕನ ಮನೆಗೆ ಹೋಗಿ, ಕರಡಿನ ಪುಟಗಳನ್ನು ಅವಳ ಕತ್ತರಿಯ ಪಕ್ಕದಲ್ಲಿಟ್ಟು, ಎಲ್ಲವನ್ನೂ ಹೇಳಿದೆ. ಅವಳು ಒಂದು ತೋಳು ಹೊಲಿದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

‘ನೀ ದಿನಾ ಕೇಳ್ತಿದ್ದೇನ?’

‘ಹೂಂ.’

‘ಬರಕೊಂತಿದ್ದೇನ?’

‘ಹೂಂ ಅಕ್ಕ.’

‘ನಾ ನಿನ್ನ ಸೇರಿಸೂಮುಂದ ಯಾಕಂತ ಕೇಳಲಿಲ್ಲ. ಅದು ನನ್ನ ತಪ್ಪು. ನೀ ಹೇಳಲಿಲ್ಲ, ಅದು ನಿಂದು.’ ಫೋನು ತೆಗೆದು ನನ್ನೆದುರಿಗೇ ನನ್ನನ್ನು ಗ್ರೂಪಿನಿಂದ ತೆಗೆದಳು. ಆಮೇಲೆ ವಾಯ್ಸ್ ಹಾಕಿದಳು: ‘ಎಲ್ಲಾರೂ ಸಂಜೀಕ ನಮ್ಮನಿಗೆ ಬರ್ರಿ. ಫೋನಿನ್ಯಾಗ ಹೇಳೂ ಮಾತಲ್ಲ.’

ಆ ಸಂಜೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಬಂದರು. ದೊಡ್ಡವ್ವ ನನ್ನ ಮುಖ ನೋಡದೆ ಗೋಡೆಗೆ ಆತು ಕೂತಳು. ‘ಹಿಟ್ಟು ನಾದಕೋತ ನಾ ಹೇಳಿದ್ದೆಲ್ಲಾ ಇದರಾಗ ಬರದಾಳ,’ ಎಂದಳು ಪಕ್ಕದವಳಿಗೆ, ನನಗೆ ಕೇಳುವ ಹಾಗೆ. ಒಬ್ಬಳು ಎದ್ದು ಬಂದು ಕೆನ್ನೆಗೆ ಹೊಡೆಯುವಷ್ಟು ಹತ್ತಿರ ನಿಂತು ಬೈದಳು. ನಾನು ಕೇಳಿಸಿಕೊಂಡೆ. ಬೇರೆ ದಾರಿ ಇರಲಿಲ್ಲ, ಹುಡುಕಲೂ ಇಲ್ಲ.

ಬೇವೂರಿನವಳು ಕ್ಯಾಂಟೀನಿನಿಂದ ನೇರ ಬಂದಿದ್ದಳು, ಸೆರಗಿನಲ್ಲಿ ಇನ್ನೂ ಹಿಟ್ಟು ಇತ್ತು. ‘ನಂದೇನು ಬರದೀರಿ, ಓದ್ರಿ,’ ಎಂದಳು.

ಓದಿದೆ. ಅವಳ ಮಾತನ್ನೇ ಅವಳೆದುರು, ನನ್ನ ಶುದ್ಧ ಕನ್ನಡದಲ್ಲಿ. ಅವಳು ಅಳಲಿಲ್ಲ.

‘ಇನ್ನೊಂದ್ಸಲ ಓದ್ರಿ.’

ಮತ್ತೆ ಓದಿದೆ. ಅವಳು, ‘ಕಾರ್ಖಾನಿ ಹೊಗಿಗೆ ಬಟ್ಟಿ ಒಣಾಕಿದ್ರ ಕರ್ರಗ ಆಗತಾವು, ಮಕ್ಕಳಿಗೆ ಕೆಮ್ಮು ಹೋಗವಲ್ದು ಅಂತ ಹೇಳಿದ್ದೆ. ಅದು ಎಲ್ಲೈತಿ?’ ಎಂದು ಕೇಳಿದಳು.

ನಾನು ಪುಟ ತಿರುವಿದೆ. ಇರಲಿಲ್ಲ. ಅದನ್ನೂ ನಾನು ಬರೆದು ಕಳಿಸಿದ್ದೆ. ಯಾರೋ ಬಿಟ್ಟಿದ್ದರು.

‘ಕೂಗಿ ಹೇಳಿದ್ದನ್ನ ಬಿಟ್ಟಾರ. ಪಿಸುಮಾತನ್ನ ಬರಕೊಂಡಾರ,’ ಎಂದಳು. ‘ಸೋಮವಾರ ನಾನೂ ಬರ್ತೀನಿ.’

‘ನೀ ಯಾಕ ಬೇ? ಬಂದ್ರ ನೀನ ಅಂತ ಗೊತ್ತಾಗತೈತಿ,’ ಎಂದಳು ದೊಡ್ಡವ್ವ.

‘ಅದಕ್ಕ ಹತ್ತು ಮಂದಿ ಹೋಗೂಣು,’ ಎಂದಳು ಟೇಲರ್ ಅಕ್ಕ. ‘ಹತ್ತು ಮಂದ್ಯಾಗ ಯಾರಂತ ಗುರುತು ಹಿಡೀತಾರ, ನೋಡೂಣು.’

ಸಭೆ ಹನ್ನೊಂದಕ್ಕಿತ್ತು. ಹೆಂಗಸರು ಹತ್ತು ಗಂಟೆಗೇ ಹೋಗಿ ಬಾಗಿಲಲ್ಲಿ ನಿಂತರು, ಪಂಚಾಯ್ತಿಯವರು ಬರುವ ಮೊದಲೇ ಮಾತು ಮುಗಿಯಬೇಕೆಂದು. ಎಲ್ಲರೂ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ನಾನು ಅವರ ಜೊತೆ ನಿಂತೆ. ಅವರು ಸೇರಿಸಿಕೊಂಡರು ಅಂತಲ್ಲ, ಬೇಡ ಎನ್ನಲಿಲ್ಲ ಅಷ್ಟೆ.

ಮೇಡಂ ಕಾರಿನಿಂದ ಇಳಿದು ನಗುತ್ತಲೇ ಬಂದರು. ನಾನು ವಿಷಯ ಹೇಳಿದಾಗ ಅವರ ನಗು ಸ್ವಲ್ಪ ಸಡಿಲವಾಯಿತು. ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಯಾರೂ ಕಪ್ಪು ಮುಟ್ಟಲಿಲ್ಲ.

‘ನಿಮಗೆ ನೋವಾಗಿದ್ದರೆ ಕ್ಷಮಿಸಿ. ಈಗಲೇ ಒಪ್ಪಿಗೆಯ ಫಾರಂ ತರಿಸುತ್ತೇನೆ. ಓದಿ ಸಹಿ ಮಾಡಿಬಿಡಿ,’ ಎಂದರು.

‘ಮೊದಲ ತಗೊಂಡು ಆಮ್ಯಾಲ ಕೇಳಿದ್ರ ಅದು ಕೇಳಿದಂಗ ಆಗತೈತೇನ್ರಿ ಮೇಡಂ?’ ಎಂದಳು ಟೇಲರ್ ಅಕ್ಕ.

‘ಇದು ನಿಮ್ಮ ಒಳ್ಳೆಯದಕ್ಕೇ. ನಿಮ್ಮ ಕಷ್ಟ ಸರ್ಕಾರಕ್ಕೆ ಮುಟ್ಟಬೇಕಲ್ಲ?’

ಆಗ ಬೇವೂರಿನವಳು ಮಾತಾಡಿದಳು. ‘ಮುಟ್ಟಬೇಕ್ರಿ. ನಮ್ಮ ಮಕ್ಕಳ ಕೆಮ್ಮಿನ ಮಾತು ಬರೀರಿ, ನನ್ನ ಹೆಸರು ಹಾಕೇ ಬರೀರಿ, ಫೋಟೋನೂ ತಗೋರಿ. ಅದಕ್ಕ ಸಹಿ ಮಾಡತೀನಿ. ಹೊಟ್ಟಿ ಮಾತು ಮಾತ್ರ ತಗೀರಿ. ಅದು ಯಾರದಂತ ಹೇಳೂದಿಲ್ಲ, ಯಾರದಿದ್ರೂ ತಗೀರಿ.’

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ‘ಹೆಸರು ಹಾಕಲು ನಮ್ಮ ನಿಯಮದಲ್ಲಿ ಅವಕಾಶವಿಲ್ಲ, ನಿಮ್ಮ ಸುರಕ್ಷತೆಗಾಗಿ,’ ಎಂದರು.

ನನ್ನಿಂದ ತಡೆಯಲಾಗಲಿಲ್ಲ. ‘ಮೇಡಂ, ಕೇಳದೆ ತೆಗೆದುಕೊಳ್ಳಲು ಅವಕಾಶವಿತ್ತು. ಅವರೇ ಕೊಟ್ಟರೆ ತೆಗೆದುಕೊಳ್ಳಲು ಇಲ್ಲವಾ?’

ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅದರಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು, ಕೆಲಸ ಕಲಿಸಿದ ಹುಡುಗಿ ಕೈ ಬಿಟ್ಟಳು ಎಂಬಂತೆ. ನಾನು ಕಣ್ಣು ತಗ್ಗಿಸಲಿಲ್ಲ. ‘ಇದು ಇದ್ದ ಹಾಗೇ ತೋರಿಸುವುದಾದರೆ, ಇದನ್ನು ಹೇಗೆ ತಂದೆ ಎಂದು ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ,’ ಎಂದೆ.

ಆ ದಿನ ಸಭೆ ನಡೆಯಿತು. ಆ ಪುಟ ಇರಲಿಲ್ಲ, ಗ್ರೂಪಿನ ಯಾವ ಮಾತೂ ಇರಲಿಲ್ಲ. ಹೆಂಗಸರು ಕೊನೆಯ ಸಾಲಿನಲ್ಲಿ ಮುಗಿಯುವವರೆಗೂ ಕೂತು ನೋಡಿದರು. ಕೆಮ್ಮಿನ ಮಾತೂ ಬರಲಿಲ್ಲವೆಂದಾಗ ಬೇವೂರಿನವಳು ಎದ್ದು ನಿಂತು, ಅಧಿಕಾರಿಗಳ ಮುಂದೆ, ತನ್ನ ಹೆಸರು ಹೇಳಿ, ಅದನ್ನು ತಾನೇ ಹೇಳಿದಳು. ಎರಡೇ ನಿಮಿಷ. ಒಬ್ಬ ಅಧಿಕಾರಿ ಬರೆದುಕೊಂಡರು. ಅದರಿಂದ ಏನಾಯಿತೋ ನನಗೆ ತಿಳಿಯದು.

ನನ್ನ ಕೆಲಸ ಆ ವಾರವೇ ಹೋಯಿತು. ಅನುಭವ ಪತ್ರ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ‘ಮಂದಿ ಮುಂದ ಎದುರು ಮಾತಾಡಿದ್ರ ಯಾರು ಕೊಡ್ತಾರ ಕೆಲಸ?’ ಎಂದು ಅಪ್ಪ ಎರಡು ದಿನ ಗೊಣಗಿದರು. ನನ್ನ ಹತ್ತಿರವಿದ್ದ ಫೈಲುಗಳನ್ನೆಲ್ಲ ಟೇಲರ್ ಅಕ್ಕನೆದುರು ಕೂತು ಅಳಿಸಿದೆ. ತಂಡದವರ ಹತ್ತಿರ ಇದ್ದದ್ದನ್ನು ಅಳಿಸಿದ್ದೇವೆ ಎಂದು ಒಂದು ಪತ್ರ ಬಂತು. ನಿಜವೋ ಸುಳ್ಳೋ ತಿಳಿಯಲು ನನಗೆ ದಾರಿಯಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಒಮ್ಮೆ ಧೈರ್ಯ ಮಾಡಿ, ‘ಅಕ್ಕ, ನನ್ನನ್ನ ಮತ್ತ ಗ್ರೂಪಿಗೆ ಸೇರಿಸ್ತೀರೇನ್ರಿ?’ ಎಂದು ಕೇಳಿದೆ.

‘ಇಲ್ಲ ತಂಗಿ,’ ಎಂದಳು. ‘ಮನಿಗೆ ಬಾ. ಚಹಾ ಕುಡಿ. ಗ್ರೂಪಿಗೆ ಬ್ಯಾಡ.’

ಅದು ಸರಿಯಾದ ಉತ್ತರ. ಹೋದಾಗಲೆಲ್ಲ ಚಹಾ ಕೊಡುತ್ತಾಳೆ. ಮಾತು ಬಿಟ್ಟಿದ್ದ ದೊಡ್ಡವ್ವ ಆರು ತಿಂಗಳ ಮೇಲೆ ಮಾತಾಡಿದಳು, ಅದೂ ‘ನಿನ್ನ ಫೋನು ಒಳಗಿಟ್ಟು ಬಾ’ ಎನ್ನುವುದಕ್ಕೆ. ಇಟ್ಟು ಬಂದೆ.

ಈಗ ಕುಷ್ಟಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ಇನ್ನೊಂದು ತಂಡದವರು ಫೋನು ಮಾಡಿದರು. ಗಂಗಾವತಿ ಕಡೆಯ ಗದ್ದೆ ಕೆಲಸದ ಹೆಂಗಸರ ಗ್ರೂಪುಗಳು, ಗಿಣಿಗೇರಾದ ಹೆಂಗಸರ ಗ್ರೂಪು, ಎಲ್ಲೆಡೆ ನನಗೆ ಪರಿಚಯವಿದೆ ಎಂದು ಕೇಳಿದ್ದರಂತೆ. ‘ಲಿಂಕ್ ಕಳಿಸಿದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದರು.

‘ಅವರನ್ನು ಕೇಳಿ ಹೇಳುತ್ತೇನೆ,’ ಎಂದೆ.

‘ಅದಕ್ಕೆ ತುಂಬ ಸಮಯ ಹಿಡಿಯುತ್ತದಲ್ಲ ಮೇಡಂ?’

‘ಹಿಡಿಯಲಿ.’

ಟೇಲರ್ ಅಕ್ಕನಿಗೆ ತಿಳಿಸಿದೆ. ಮಷಿನ್ನಿನ ಸದ್ದು ನಿಲ್ಲಿಸದೆಯೇ ಉತ್ತರ ಕೊಟ್ಟಳು. ‘ಬರಾಕ ಹೇಳು. ನಮ್ಮ ಮುಂದ ಕುಂತು, ಏನು ಬೇಕು, ಯಾಕ ಬೇಕು, ಯಾರಿಗೆ ತೋರಸ್ತಾರ ಅಂತ ಹೇಳ್ಲಿ. ಬ್ಯಾಡ ಅಂದ್ರ ಎದ್ದು ಹೋಗಬೇಕು.’

ಅದನ್ನು ಅಕ್ಷರ ಬಿಡದೆ ಅವರಿಗೆ ಕಳಿಸಿದೆ. ಅವರು ಬಂದಿಲ್ಲ. ಎದುರು ಕೂತು ಕೇಳುವುದು ಅಷ್ಟು ಕಷ್ಟವೆಂದರೆ ಬರದಿರುವುದೇ ಲೇಸು.